ಏಂಜೆಲ್‌ಗಳಿಗೆ ರೆಕ್ಕೆ ಇದೆಯಾ ಅಂತ ಕೇಳುವವರಿಗೆ

"ಮೇಡಂ, ನಿಮ್ಮ ಏಂಜೆಲ್‌ಗಳಿಗೆ ನಿಜವಾಗ್ಲೂ ರೆಕ್ಕೆ ಇರುತ್ತಾ? ನಮ್ಮ ಗಂಧರ್ವರ ಥರಾನಾ?"

ಆಫೀಸಿನಲ್ಲಿ ಕೇಳಿದ್ದಾರೆ, ಮದುವೆ ಮನೆಯಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಒಬ್ಬರು ಕೇಳಿದರು. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಇನ್ನು ಬಾಯಿಬಿಟ್ಟು ಹೇಳಲಾರೆ, ಇಲ್ಲಿ ಬರೆದಿಡುತ್ತೇನೆ.

ಮೊದಲು ಆ "ನಿಮ್ಮ" ಬಿಡಿ. ನಾನೇನು ಅವರನ್ನು ಸಾಕಿಕೊಂಡಿಲ್ಲ. ಯೆಹೂದ್ಯರು, ಕ್ರೈಸ್ತರು, ಮುಸಲ್ಮಾನರು ಎಲ್ಲರೂ ನಂಬುವ ದೂತರು ಅವರು. ಗಂಧರ್ವರ ಥರವೂ ಅಲ್ಲ. ಗಂಧರ್ವ ಅನ್ನುವುದು ಒಂದು ಕುಲ, ಏಂಜೆಲ್ ಅನ್ನುವುದು ಒಂದು ಕೆಲಸ. ಹೀಬ್ರೂವಿನ ಮಲಾಖ್, ಗ್ರೀಕಿನ ಆಂಗೆಲೊಸ್, ಎರಡಕ್ಕೂ ಸುದ್ದಿ ತರುವವನು ಅಂತಲೇ ಅರ್ಥ. ಅದು ಹುದ್ದೆಯ ಹೆಸರು, ಸ್ವಭಾವದಲ್ಲಿ ಅವರು ಆತ್ಮಗಳು ಅಂತ ಸಂತ ಅಗಸ್ಟೀನ್ ಎಂದೋ ಹೇಳಿಯಾಗಿದೆ. ಕನ್ನಡ ಬೈಬಲ್ಲಿನ "ದೇವದೂತ" ಸರಿಯಾಗಿಯೇ ಇದೆ. ಹನುಮಂತನೂ ದೂತನೇ. ಸಮುದ್ರವನ್ನೇ ಹಾರಿದ. ಅವನ ಬೆನ್ನಿಗೆ ಯಾರಾದರೂ ರೆಕ್ಕೆ ಬರೆದರಾ?

ಬೈಬಲ್ಲಿನಲ್ಲಿ ರೆಕ್ಕೆಯವರು ಇಲ್ಲ ಅಂತಲ್ಲ. ಪ್ರವಾದಿ ಯೆಶಾಯ ಕಂಡ ಸೆರಾಫಿಯರೆಂಬ ದೂತರಿಗೆ ಆರಾರು ರೆಕ್ಕೆ: ಎರಡು ಮುಖ ಮುಚ್ಚಿಕೊಳ್ಳುವುದಕ್ಕೆ, ಎರಡು ಕಾಲು ಮುಚ್ಚಿಕೊಳ್ಳುವುದಕ್ಕೆ, ಉಳಿದೆರಡು ಹಾರುವುದಕ್ಕೆ. ಆದರೆ ಯೆಹೂದ್ಯರ ಮೂಲಪುರುಷ ಅಬ್ರಹಾಮನ ಗುಡಾರದ ಎದುರು ಅತಿಥಿಗಳಾಗಿ ನಿಂತ ದೂತರು ನೋಡಲು ಬರೀ ಮೂವರು ಗಂಡಸರು. ರೋಮ್‌ನ ಪ್ರಿಸಿಲ್ಲಾ ನೆಲಮಾಳಿಗೆಯ ಸಮಾಧಿಯ ಗೋಡೆಯ ಮೇಲೆ ಯೇಸುವಿನ ತಾಯಿ ಮರಿಯಳ ಮುಂದೆ ನಿಂತ ದೂತ ಗಬ್ರಿಯೇಲನಿಗೂ ರೆಕ್ಕೆಯಿಲ್ಲ. ಕ್ರೈಸ್ತ ಚಿತ್ರಗಳಲ್ಲಿ ದೂತರಿಗೆ ರೆಕ್ಕೆ ಮೂಡಿದ್ದು ಸುಮಾರು 4ನೇ ಶತಮಾನದ ಕೊನೆಗೆ, ರೋಮನ್ನರ ವಿಜಯದೇವತೆಯ ರೂಪ ನೋಡಿಕೊಂಡು.

ಇಷ್ಟೆಲ್ಲ ಗೊತ್ತಿದ್ದೂ ಪ್ರತಿ ಡಿಸೆಂಬರಿನಲ್ಲಿ ಚರ್ಚಿನ ನಾಟಕಕ್ಕೆ ಥರ್ಮಾಕೋಲ್ ಕತ್ತರಿಸಿ, ಬೆಳ್ಳಿ ಕಾಗದ ಅಂಟಿಸಿ ರೆಕ್ಕೆ ಮಾಡುವವಳು ನಾನೇ. ಹೌದು. ರೆಕ್ಕೆ ಇಲ್ಲದಿದ್ದರೆ ಅದು ಏಂಜೆಲ್ ಅಂತ ಅಜ್ಜಿಯರಿಗೆ ಗೊತ್ತಾಗುವುದು ಹೇಗೆ? ಬಿಳಿ ನೈಟಿ ಹಾಕಿದ ಹುಡುಗ ಅಂದುಕೊಳ್ಳುತ್ತಾರೆ.

ಒಂದು ವರ್ಷ ನಾಟಕ ಮುಗಿದು ಊಟಕ್ಕೆ ಕೂತೆವು. ಗಬ್ರಿಯೇಲ ಆಗಿದ್ದ ಹುಡುಗನಿಗೆ ಕುರ್ಚಿಗೆ ಒರಗಲು ಆಗಲಿಲ್ಲ, ಬೆಂಚಿನಲ್ಲಿ ಅತ್ತಿತ್ತ ಕೂತವರಿಗೆ ರೆಕ್ಕೆ ತಿವಿಯಿತು. ಕಳಚೋಣವೆಂದರೆ ನಾನೇ ಹಿಂದಿನಿಂದ ಹೊಲಿದುಬಿಟ್ಟಿದ್ದೆ. ಪಾಪ, ಗೋಡೆ ಪಕ್ಕ ನಿಂತುಕೊಂಡೇ ಚಿತ್ರಾನ್ನ ತಿಂದ. ಆಗ ಯಾರದೋ ಅಪ್ಪ ತಟ್ಟೆ ಹಿಡಿದು ಬಂದು ಅದೇ ಪ್ರಶ್ನೆ ಕೇಳಿದರು. ನನ್ನ ಕಣ್ಣು ಹುಡುಗನ ತಟ್ಟೆಯ ಮೇಲಿತ್ತು. ಯಾರನ್ನು ಕಂಡರೂ "ಊಟ ಆಯ್ತಾ?" ಅಂತ ಕೇಳುವ ಜನ ನಾವು. ಏಂಜೆಲ್ ವಿಷಯಕ್ಕೆ ಬಂದಾಗ ಮಾತ್ರ ಅದನ್ನು ಮರೆತು ರೆಕ್ಕೆ ಎಣಿಸುತ್ತೇವಲ್ಲ!

ಏಂಜೆಲ್‌ಗಳು ಊಟ ಮಾಡುತ್ತಾರಾ ಅಂತ ಕೇಳಿದ್ದರೆ ಎಷ್ಟು ಬೇಕಾದರೂ ಹೇಳುತ್ತಿದ್ದೆ. ಬೈಬಲ್ಲಿನ ಆದಿಕಾಂಡದಲ್ಲಿ ಅಬ್ರಹಾಮನ ಅತಿಥಿಗಳು ಊಟ ಮಾಡಿದರು ಅಂತ ನೇರವಾಗಿಯೇ ಇದೆ. ನಮ್ಮ ಪಕ್ಕದ ಮನೆಯಾಕೆ ಒಪ್ಪುವುದಿಲ್ಲ. "ಇಲ್ಲ ಅಕ್ಕಾ, ಫರಿಶ್ತೆಗಳು ತಿನ್ನಲ್ಲ." ಕುರಾನಿನಲ್ಲಿ ಸುಟ್ಟ ಕರು ಮುಂದಿಟ್ಟರೂ ಅತಿಥಿಗಳ ಕೈ ಅದರತ್ತ ಹೋಗುವುದಿಲ್ಲ. ಇಬ್ರಾಹಿಮರಿಗೆ, ಅಂದರೆ ಅದೇ ಅಬ್ರಹಾಮನಿಗೆ, ಭಯವಾಗುವುದೇ ಆಗ. (ಆಗಲೇಬೇಕು. ಮನೆಗೆ ಬಂದವರು ತಟ್ಟೆ ಮುಟ್ಟದಿದ್ದರೆ ನನಗೂ ಎದೆ ಧಸಕ್ಕೆನ್ನುತ್ತದೆ.) ಕ್ಯಾಥೊಲಿಕ್ ಬೈಬಲ್ಲಿನ ತೋಬಿತನ ಗ್ರಂಥದಲ್ಲಿ ದೂತ ರಫಾಯೇಲ, ನಾನು ತಿಂದದ್ದು ನಿಮಗೆ ಕಂಡದ್ದಷ್ಟೇ, ನಿಜವಾಗಿ ಏನೂ ತಿಂದಿಲ್ಲ ಅನ್ನುತ್ತಾನೆ. 13ನೇ ಶತಮಾನದ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ಕೂಡ ಅದು ನಿಜವಾದ ಊಟವಲ್ಲ ಅಂತ ವಾದಿಸಿದರು. ಅವರ ಮೈಕಟ್ಟು ಮಾತ್ರ ನಿಜವಾದ ಊಟದ್ದೇ ಅನ್ನುತ್ತಾರೆ. ನನಗೆ ಇಷ್ಟವಾದದ್ದು ಯೆಹೂದ್ಯರ ಧರ್ಮಗ್ರಂಥ ತಾಲ್ಮುದ್‌ನ ಮಾತು. ಹೋದ ಊರಿನ ಪದ್ಧತಿ ಬಿಡಬಾರದು, ಪ್ರವಾದಿ ಮೋಶೆ ಮೇಲೆ ದೇವರ ಬಳಿಗೆ ಹೋದಾಗ ಊಟ ಬಿಟ್ಟ, ದೂತರು ಕೆಳಗೆ ಬಂದಾಗ ಊಟ ಮಾಡಿದರು ಅನ್ನುತ್ತಾನೆ ಒಬ್ಬ ರಬ್ಬಿ, ಅಂದರೆ ಯೆಹೂದ್ಯ ಗುರು. ಆಮೇಲೆ, ತಿಂದಂತೆ ತೋರಿಸಿದರು ಅಷ್ಟೇ ಅಂತ ಅಲ್ಲೇ ತಿದ್ದುಪಡಿಯೂ ಇದೆ.

ಇದೆಲ್ಲ ಗಂಡಸರ ಚರ್ಚೆ. ಅಡುಗೆ ಮಾಡಿದ ಸಾರಾಳನ್ನು ಯಾರೂ ಕೇಳಲಿಲ್ಲ. ಅಬ್ರಹಾಮ ಅತಿಥಿಗಳಿಗೆ ಹೇಳಿದ್ದು "ಒಂದು ತುತ್ತು ತಿಂದು ಹೋಗಿ" ಅಂತ. ಒಳಗೆ ಓಡಿಬಂದು ಹೆಂಡತಿಗೆ ಹೇಳಿದ್ದು "ಬೇಗ ಮೂರು ಸೆಯಾ ಹಿಟ್ಟು ನಾದು" ಅಂತ. ಸೆಯಾ ಅಂದರೆ ಆ ಕಾಲದ ಒಂದು ಅಳತೆ; ಮೂರು ಸೆಯಾ ಈಗಿನ ಲೆಕ್ಕದಲ್ಲಿ ಇಪ್ಪತ್ತು ಲೀಟರಿಗೂ ಹೆಚ್ಚು. ಬಂದವರು ಮೂವರು! ಹೊತ್ತು ಉರಿಬಿಸಿಲಿನ ಮಧ್ಯಾಹ್ನ, ನಾದುವವಳು ಮುದುಕಿ. ತಮಾಷೆಯೆಂದರೆ ಬಡಿಸಿದ್ದರ ಪಟ್ಟಿಯಲ್ಲಿ ಮೊಸರಿದೆ, ಹಾಲಿದೆ, ಕರುವಿನ ಮಾಂಸವಿದೆ, ರೊಟ್ಟಿಯ ಹೆಸರೇ ಇಲ್ಲ. ಅಷ್ಟು ರೊಟ್ಟಿ ಎಲ್ಲಿ ಹೋಯಿತು? ಅದನ್ನು ಕೇಳಿ, ಕೂತು ಮಾತಾಡೋಣ.

ಅಂದಹಾಗೆ, ಈ ವರ್ಷದ ರೆಕ್ಕೆಗಳಿಗೆ ಮುಂದುಗಡೆ ಲಾಡಿ ಇಡುತ್ತಿದ್ದೇನೆ. ಊಟದ ಹೊತ್ತಿಗೆ ಮಕ್ಕಳೇ ಬಿಚ್ಚಿಕೊಳ್ಳಬಹುದು.