ಜೆನೋವಾದ ಅರಮನೆ ಬೀದಿ: ಐದು ನಿಮಿಷದ ದಾರಿಗೆ ಒಂದು ಪೂರ್ತಿ ದಿನ

ಇಟಲಿಗೆ ಹೊರಡುವ ನಮ್ಮವರ ಪಟ್ಟಿಯಲ್ಲಿ ಜೆನೋವಾ ಹೆಚ್ಚಾಗಿ ಇರುವುದಿಲ್ಲ. ಇದ್ದರೂ ಚಿಂಕ್ವೆ ತೆರ್ರೆಯ ಕಡಲತೀರದ ಹಳ್ಳಿಗಳಿಗೆ ಹೋಗುವಾಗ ರೈಲು ಬದಲಿಸುವ ಊರಾಗಿ ಮಾತ್ರ ಇರುತ್ತದೆ. ಎರಡು ರೈಲುಗಳ ನಡುವಿನ ಬಿಡುವಿನಲ್ಲಿ ವಿಯಾ ಗರಿಬಾಲ್ಡಿ ಎಂಬ ಅರಮನೆ ಬೀದಿಗೆ ಓಡಿಬಂದು, ನಾಲ್ಕು ಫೋಟೋ ತೆಗೆದುಕೊಂಡು ಹಿಂತಿರುಗುವ ಪ್ರವಾಸಿಗರು ಅಲ್ಲಿ ಬೇಕಾದಷ್ಟು ಮಂದಿ ಕಾಣಸಿಗುತ್ತಾರೆ. ಅವರು ನೋಡಿ ಹೋಗುವುದು ಗೋಡೆಗಳನ್ನಷ್ಟೆ. ಸುಮಾರು 250 ಮೀಟರ್ ಉದ್ದ, ಏಳೂವರೆ ಮೀಟರ್ ಅಗಲದ ಈ ಬೀದಿಯ ಎರಡೂ ಬದಿಗೆ ಎತ್ತರದ ಅರಮನೆಗಳು ಒತ್ತಿ ನಿಂತಿರುವುದರಿಂದ, ಕತ್ತು ಎಷ್ಟು ಎತ್ತಿದರೂ ಒಂದು ಕಟ್ಟಡದ ಮುಂಭಾಗ ಪೂರ್ತಿಯಾಗಿ ಕಣ್ಣಿಗೆ ಸಿಗುವುದಿಲ್ಲ. ಇಲ್ಲಿನ ವೈಭವವೆಲ್ಲ ಬಾಗಿಲುಗಳ ಒಳಗಿದೆ. ಆದ್ದರಿಂದ ಇದಕ್ಕೆ ಒಂದು ಪೂರ್ತಿ ದಿನವನ್ನು ಇಟ್ಟುಕೊಳ್ಳಿ, ಆ ದಿನ ಸೋಮವಾರವಾಗದಂತೆ ನೋಡಿಕೊಳ್ಳಿ. ಸೋಮವಾರ ಇಲ್ಲಿನ ವಸ್ತುಸಂಗ್ರಹಾಲಯಗಳಿಗೆ ರಜೆ.

ಮಿಲಾನ್‌ನಿಂದ ರೈಲಿನಲ್ಲಿ ಒಂದೂವರೆಯಿಂದ ಎರಡು ಗಂಟೆಯ ಪ್ರಯಾಣ. ಕಾಗದದ ಟಿಕೆಟ್ ಕೊಂಡು ಪ್ರಾದೇಶಿಕ ರೈಲು ಹತ್ತುವವರು, ಹತ್ತುವ ಮೊದಲೇ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಅದಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕು, ಇಲ್ಲದಿದ್ದರೆ ದಂಡ ತೆರಬೇಕಾದೀತು. ಪಿಯಾತ್ಸಾ ಪ್ರಿನ್ಚಿಪೆ ನಿಲ್ದಾಣದಲ್ಲಿ ಇಳಿದರೆ ವಿಯಾ ಬಾಲ್ಬಿಯ ಮೂಲಕ ನಡೆದೇ ಬರಬಹುದು. ಆದರೆ ಆ ದಾರಿ ಬೀದಿಯ ಪಶ್ಚಿಮ ತುದಿಗೆ ತಂದು ಬಿಡುತ್ತದೆ. ನನ್ನ ಸಲಹೆಯೆಂದರೆ, ಮೆಟ್ರೋದಲ್ಲಿ ದೆ ಫೆರ್ರಾರಿ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಪೂರ್ವ ತುದಿಯ ಪಿಯಾತ್ಸಾ ಫೊಂತಾನೆ ಮರೋಸೆಯಲ್ಲಿ ನಡಿಗೆ ಶುರುಮಾಡಿ. ಮನೆಗಳ ಸಂಖ್ಯೆ ಅಲ್ಲಿಂದಲೇ ಆರಂಭವಾಗುತ್ತದೆ. ಬೆಟ್ಟದ ಕಡೆಗೆ ಬೆಸ ಸಂಖ್ಯೆಗಳು, ಕಡಲ ಕಡೆಗೆ ಸಮ ಸಂಖ್ಯೆಗಳು.

ಒಳಹೊಗುವ ಮುನ್ನ ಈ ಬೀದಿ ಹುಟ್ಟಿದ ಬಗೆಯನ್ನು ಸ್ವಲ್ಪ ತಿಳಿದುಕೊಂಡಿರುವುದು ಒಳ್ಳೆಯದು. 1528ರಲ್ಲಿ ಜೆನೋವಾದ ನೌಕಾಧಿಪತಿ ಅಂದ್ರೆಯಾ ದೋರಿಯಾ, ಸ್ಪೇನಿನ ದೊರೆಯೂ ಆಗಿದ್ದ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಪಕ್ಷ ಸೇರಿದ ಮೇಲೆ ಜೆನೋವಾದ ಲೇವಾದೇವಿ ಮನೆತನಗಳು ಸ್ಪೇನಿನ ದೊರೆಗಳಿಗೆ ಸಾಲ ಕೊಟ್ಟು ಕೊಟ್ಟೇ ಕೊಬ್ಬಿದವು. ಆ ಹಣ ಕಣ್ಣಿಗೆ ಕಾಣುವಂತೆ ನಿಲ್ಲಲು ಜಾಗ ಬೇಕಾಯಿತು. ಕಾಸ್ತೆಲ್ಲೆತ್ತೋ ಬೆಟ್ಟದ ಬುಡದಲ್ಲಿ ಹೊಸ ಬೀದಿ ಮಾಡುವುದೆಂದು 1550ರಲ್ಲಿ ತೀರ್ಮಾನವಾಯಿತು. ಅಲ್ಲಿದ್ದ ಊರಿನ ವೇಶ್ಯಾವಾಟಿಕೆಯನ್ನು ಎಬ್ಬಿಸಿ, ನಿವೇಶನಗಳನ್ನು ಹರಾಜು ಹಾಕಲಾಯಿತು. ಸ್ಪಿನೋಲಾ, ಪಲ್ಲವಿಚೀನೋ, ಲೊಮೆಲ್ಲೀನಿ, ಗ್ರಿಮಾಲ್ಡಿಯಂಥ ಕೆಲವೇ ಮನೆತನಗಳು ಅವನ್ನು ಕೊಂಡವು. ಬೀದಿಯ ಹೆಸರು ಸ್ಟ್ರಾಡಾ ನುವೋವಾ ಎಂದಾಯಿತು; ಇಟಲಿಯ ಏಕೀಕರಣಕ್ಕೆ ಹೋರಾಡಿದ ಗರಿಬಾಲ್ಡಿಯ ಹೆಸರು ಬಂದದ್ದು 1882ರಲ್ಲಿ.

ಆಗ ಗಣರಾಜ್ಯವಾಗಿದ್ದ ಜೆನೋವಾಕ್ಕೆ ಅರಸನೂ ಇರಲಿಲ್ಲ, ಅರಸನ ಅರಮನೆಯೂ ಇರಲಿಲ್ಲ. ದೊರೆಗಳು, ರಾಯಭಾರಿಗಳು, ಕಾರ್ಡಿನಲ್‌ಗಳು ಬಂದರೆ ಎಲ್ಲಿ ಇಳಿಸುವುದು? 1576ರಲ್ಲಿ ಸೆನೆಟ್ ಸಿರಿವಂತರ ಮನೆಗಳ ಪಟ್ಟಿಯೊಂದನ್ನು ಮಾಡಿತು. ಪಟ್ಟಿಯಲ್ಲಿ ಅಂತಸ್ತಿಗೆ ತಕ್ಕ ದರ್ಜೆಗಳಿದ್ದವು, ಚೀಟಿ ಎತ್ತಿದಾಗ ಯಾರ ಹೆಸರು ಬಂದಿತೋ ಅವರೇ ಅತಿಥಿಯನ್ನು ತಮ್ಮ ಮನೆಯಲ್ಲಿ ಇಳಿಸಿಕೊಳ್ಳಬೇಕಾಗಿತ್ತು. ಆ ಪಟ್ಟಿಗಳಿಗೆ ರೋಲ್ಲಿ ಎಂದು ಹೆಸರು. 2006ರಲ್ಲಿ ಯುನೆಸ್ಕೋ ಇಂಥ 42 ಅರಮನೆಗಳನ್ನು ವಿಶ್ವ ಪರಂಪರೆಯ ತಾಣಕ್ಕೆ ಸೇರಿಸಿತು.

3ನೇ ಸಂಖ್ಯೆಯ ಲೆರ್ಕಾರಿ ಅರಮನೆಯ ಮುಂದೆ ತುಸು ನಿಲ್ಲಿ. ಬಾಗಿಲಿನ ಎರಡೂ ಪಕ್ಕ ಭಾರ ಹೊತ್ತು ನಿಂತ ಕಲ್ಲಿನ ಆಳುಗಳಿಗೆ ಮೂಗಿಲ್ಲ. ಅದು ಕಾಲ ಮುಕ್ಕಿದ್ದಲ್ಲ, ಬೇಕೆಂದೇ ಹಾಗೆ ಕೆತ್ತಿದ್ದು: ಈ ಮನೆತನದ ಹಿರಿಯನಾದ ಮೆಗೊಲ್ಲೋ ಲೆರ್ಕಾರಿ, ಕಪ್ಪು ಸಮುದ್ರ ತೀರದ ಟ್ರೆಬಿಜಾಂಡ್‌ನಲ್ಲಿ ತನಗಾದ ಅವಮಾನಕ್ಕೆ ಶತ್ರುಗಳ ಮೂಗು, ಕಿವಿ ಕೊಯ್ದು ಸೇಡು ತೀರಿಸಿಕೊಂಡನೆಂಬ ಕಥೆಯ ಗುರುತು. ನೆಂಟರನ್ನು ಬರಮಾಡಿಕೊಳ್ಳುವ ಬಾಗಿಲಿಗೆ ಇದೆಂಥ ಅಲಂಕಾರವೋ! 7ನೇ ಸಂಖ್ಯೆಯ ನಿಕೊಲೋಸಿಯೋ ಲೊಮೆಲ್ಲೀನೋ ಅರಮನೆಯನ್ನು ತಿಳಿ ನೀಲಿ ಗೋಡೆಯ ಮೇಲಿನ ಬಿಳಿ ಗಾರೆ ಕೆಲಸದಿಂದ ದೂರದಿಂದಲೇ ಗುರುತಿಸಬಹುದು. ಅದರ ಅಂಗಳದ ಕೊನೆಯಲ್ಲಿ ಕಾರಂಜಿಯ ಗುಹೆಯೊಂದಿದೆ.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು 9ನೇ ಸಂಖ್ಯೆಯ ದೋರಿಯಾ ತುರ್ಸಿ ಅರಮನೆಗೆ. ಸ್ಪೇನಿನ ದೊರೆ ಎರಡನೆಯ ಫಿಲಿಪ್‌ಗೆ ಸಾಲ ಕೊಡುತ್ತಿದ್ದ ನಿಕೊಲೋ ಗ್ರಿಮಾಲ್ಡಿ 1565ರಲ್ಲಿ ಇದನ್ನು ಕಟ್ಟಿಸಲು ತೊಡಗಿದ. 1848ರಿಂದ ಇದು ನಗರಸಭೆಯ ಕಚೇರಿ. ಮುಂಭಾಗದಲ್ಲಿ ಫಿನಾಲೆಯ ಗುಲಾಬಿ ಕಲ್ಲು, ಕಪ್ಪು ಸ್ಲೇಟು, ಕರ್ರಾರಾದ ಬಿಳಿ ಅಮೃತಶಿಲೆ ಮೂರೂ ಇವೆ. ಬೆಟ್ಟದ ಇಳಿಜಾರನ್ನು ಶಿಲ್ಪಿಗಳು ಬಳಸಿಕೊಂಡ ಜಾಣ್ಮೆಯನ್ನು ಗಮನಿಸಿ: ಬೀದಿಯಿಂದ ಹಜಾರಕ್ಕೆ, ಹಜಾರದಿಂದ ಮೆಟ್ಟಿಲೇರಿ ಕಂಬಸಾಲಿನ ಅಂಗಳಕ್ಕೆ, ಅಂಗಳದಿಂದ ಇಬ್ಬಗೆಯಾಗಿ ಒಡೆಯುವ ಮೆಟ್ಟಿಲುಗಳಲ್ಲಿ ಇನ್ನೂ ಮೇಲಕ್ಕೆ, ಹೀಗೆ ಒಂದೊಂದು ಹೆಜ್ಜೆಗೂ ಬೆಳಕು ಹೆಚ್ಚುತ್ತ ಹೋಗುತ್ತದೆ. ನಮ್ಮ ತೊಟ್ಟಿ ಮನೆಗಳನ್ನು ಕಂಡವರಿಗೆ, ಆಕಾಶಕ್ಕೆ ತೆರೆದ ಅಂಗಳವನ್ನು ಮನೆಯ ನಡುವೆ ಇಟ್ಟುಕೊಳ್ಳುವ ಈ ಕ್ರಮ ಹೊಸದೆನಿಸದು. ಹೆಸರಾಂತ ಪಿಟೀಲು ವಾದಕ ಪಗನೀನಿ ತನ್ನೂರಿಗೆ ಬಿಟ್ಟುಹೋದ, ಗ್ವಾರ್ನೇರಿ 1743ರಲ್ಲಿ ಮಾಡಿದ ‘ಕನ್ನೋನೆ’ ಎಂಬ ಪಿಟೀಲು ಜೆನೋವಾದ ಹೆಮ್ಮೆ. ಅದನ್ನು ಇಡುವ ಜಾಗ ಇದೇ ಅರಮನೆ. ಆದರೆ ದುರಸ್ತಿಗೆಂದು ಕೆಲವು ಕೋಣೆಗಳನ್ನು ಮುಚ್ಚುವುದುಂಟು, ಆದ್ದರಿಂದ ಪಿಟೀಲಿಗಾಗಿಯೇ ಹೋಗುವವರು ಮೊದಲೇ ವಿಚಾರಿಸಿಕೊಳ್ಳಬೇಕು.

ಇದೇ ಬೀದಿಯ ತುರ್ಸಿ, ಬಿಯಾಂಕೋ, ರೊಸ್ಸೋ ಈ ಮೂರು ಅರಮನೆಗಳಿಗೆ ಒಂದೇ ಟಿಕೆಟ್. ಬಿಯಾಂಕೋದಲ್ಲಿ ರೂಬೆನ್ಸ್ ಮತ್ತು ಕರವಾಜ್ಜೋ ಕೃತಿಗಳಿವೆ. ಚಿತ್ರಕಲೆಯಲ್ಲಿ ಅಷ್ಟು ಆಸಕ್ತಿ ಇಲ್ಲದವರು ಅಲ್ಲಿ ಬೇಗ ಮುಗಿಸಿ ರೊಸ್ಸೋಗೆ ಹೋಗಬಹುದು. 1670ರ ದಶಕದಲ್ಲಿ ಬ್ರಿಞೋಲೆ ಸಾಲೆ ಸೋದರರಿಬ್ಬರಿಗಾಗಿ ಕಟ್ಟಿದ ಈ ಕೆಂಪು ಅರಮನೆಯಲ್ಲಿ, ಒಬ್ಬೊಬ್ಬರಿಗೆ ಒಂದೊಂದರಂತೆ ಎರಡು ದರ್ಬಾರು ಮಹಡಿಗಳಿವೆ. ಮೇಲಿನದರಲ್ಲಿ ನಾಲ್ಕು ಋತುಗಳ ಕೋಣೆಗಳ ಛಾವಣಿಯನ್ನು ನೋಡದೆ ಬರಬೇಡಿ: ವಸಂತ, ಗ್ರೀಷ್ಮಗಳನ್ನು ಗ್ರೆಗೋರಿಯೋ ದೆ ಫೆರ್ರಾರಿ, ಶರತ್ತು, ಚಳಿಗಾಲಗಳನ್ನು ದೊಮೆನಿಕೋ ಪಿಯೋಲಾ ಬರೆದಿದ್ದಾರೆ. ಚಿತ್ರದ ಕಂಬ ಎಲ್ಲಿ ಮುಗಿದು ಗಾರೆಯ ಎಲೆಬಳ್ಳಿ ಎಲ್ಲಿ ಶುರುವಾಯಿತೆಂದು ಕೆಳಗಿನಿಂದ ಹೇಳಲಾಗದು. ಕೊನೆಗೆ ಮಾಳಿಗೆಗೆ ಹತ್ತಿ. ಸ್ಲೇಟಿನ ಛಾವಣಿಗಳು, ಬಂದರು, ಬೀದಿಯ ಕಟ್ಟಡಗಳ ಹಿಂದಿನ ತೋಟಗಳು ಅಲ್ಲಿಂದ ಒಟ್ಟಿಗೆ ಕಾಣುತ್ತವೆ.

ಉಳಿದ ಅರಮನೆಗಳಲ್ಲಿ ಬ್ಯಾಂಕು, ಕಚೇರಿ, ಖಾಸಗಿ ಮನೆಗಳಿವೆ. ವಸಂತ ಮತ್ತು ಶರತ್ಕಾಲಗಳಲ್ಲಿ ‘ರೋಲ್ಲಿ ಡೇಸ್’ ನಡೆಯುವಾಗ ಅವುಗಳಲ್ಲಿ ಹಲವು ಸಾರ್ವಜನಿಕರಿಗೆ ಉಚಿತವಾಗಿ ತೆರೆಯುತ್ತವೆ. ದಿನಾಂಕ ಪ್ರಕಟವಾಗುವುದನ್ನು ನೋಡಿಕೊಂಡು ಪ್ರಯಾಣ ಗೊತ್ತುಮಾಡಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಜನಜಂಗುಳಿಯನ್ನು ಮಾತ್ರ ಸಹಿಸಿಕೊಳ್ಳಬೇಕು. ಇಟಲಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದಾದ್ದರಿಂದ ತಡಮಾಡುವುದು ಬೇಡ.

ಸಸ್ಯಾಹಾರಿಗಳಿಗೆ ಈ ಊರು ಕಷ್ಟ ಕೊಡುವುದಿಲ್ಲ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಸೇರಿಸಿ ಅಗಲದ ತಾಮ್ರದ ತಟ್ಟೆಯಲ್ಲಿ ಒಲೆಯೊಳಗೆ ಬೇಯಿಸುವ ಫರಿನಾತಾ ಬಿಸಿಯಿರುವಾಗಲೇ ತಿನ್ನಬೇಕಾದ ತಿನಿಸು. ಇಲ್ಲಿನ ಹೆಸರಾಂತ ಪೆಸ್ತೋದಲ್ಲಿ ಹಳೆಯ ಚೀಸ್ ಇರುತ್ತದೆ. ಅದರ ತಯಾರಿಯಲ್ಲಿ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಪದಾರ್ಥ ಬಳಸುತ್ತಾರೆ, ಕಟ್ಟುನಿಟ್ಟಿನವರು ಕೇಳಿಯೇ ತಿನ್ನುವುದು ಲೇಸು.

ಬೀದಿಯ ಕೆಳಗಿನ ಮದ್ದಲೇನಾ ಓಣಿಗಳಲ್ಲಿ ಹಗಲು ಓಡಾಡಿ, ಕತ್ತಲಾದ ಮೇಲೆ ಒಬ್ಬಂಟಿಯಾಗಿ ಹೋಗುವುದು ಬೇಡ. ಸಂಜೆಗೆ ಪಿಯಾತ್ಸಾ ಪೊರ್ತೆಲ್ಲೋದಿಂದ ಸಾರ್ವಜನಿಕ ಲಿಫ್ಟಿನಲ್ಲಿ ಕಾಸ್ತೆಲ್ಲೆತ್ತೋಗೆ ಏರಬಹುದು, ಮಂಡಿನೋವಿನ ಹಿರಿಯರೂ ಸಲೀಸಾಗಿ ಹೋಗಬಹುದಾದ ಜಾಗವದು. ಮರುದಿನ ಬೆಳಿಗ್ಗೆ ಬಿಡುವಿದ್ದರೆ ವಿಯಾ ಬಾಲ್ಬಿಯ ಪಲಾತ್ಸೋ ರಿಯಾಲೆಯ ಕನ್ನಡಿ ಹಜಾರವನ್ನು ನೋಡಿ. ಅದು ಪ್ರಿನ್ಚಿಪೆ ನಿಲ್ದಾಣದ ದಾರಿಯಲ್ಲೇ ಇರುವುದರಿಂದ, ಆ ನಿಲ್ದಾಣದ ಬಳಿಯೇ ಕೋಣೆ ಹಿಡಿದು ಸಾಮಾನನ್ನು ಅಲ್ಲಿಯೇ ಬಿಟ್ಟುಹೋದರೆ ರೈಲಿಗೆ ಓಡುವ ಗಡಿಬಿಡಿ ಇರುವುದಿಲ್ಲ.