ಸಿಪ್ಯಾಪ್ ಮಾಸ್ಕೂ ನನ್ನ ಏಳು ಹರಳಿನ ಮೂಗುಬೊಟ್ಟೂ

ಮೊದಲೇ ಒಂದು ಮಾತು. ಸಿಪ್ಯಾಪ್ ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲುವವರು ರಾತ್ರಿ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮಲಗುವ ಮಷಿನ್. ಸಿಪ್ಯಾಪ್ ಮಷಿನ್‌ನಿಂದ ಬರುವುದು ಬರೀ ಗಾಳಿ. ಆಕ್ಸಿಜನ್ ಅಲ್ಲ. ನಮ್ಮ ಓಣಿಯಲ್ಲಿ ಇದನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಕೋವಿಡ್ ಹೊತ್ತಿನಲ್ಲಿ ಮುಖಕ್ಕೆ ಮಾಸ್ಕು, ಪಕ್ಕದಲ್ಲಿ ಪೈಪು ಅಂದರೆ ಏನು ಅಂತ ಎಲ್ಲರೂ ನೋಡಿದ್ದಾರಲ್ಲ, ಹಾಗಾಗಿ ಗದಗದ ನಮ್ಮ ಮನೆಗೆ ಈ ಡಬ್ಬಿ ಬಂದ ಕೂಡಲೇ "ಟೀಚರಿಗೆ ಆಕ್ಸಿಜನ್ ಹಚ್ಚ್ಯಾರಂತ" ಅಂತ ಸುದ್ದಿಯಾಗಿ, ಬೆಟಗೇರಿಯಿಂದ ನಮ್ಮ ಚಿಗವ್ವ ಎಳನೀರು ಹಿಡಿದುಕೊಂಡು ಕಣ್ಣೀರು ಹಾಕುತ್ತಾ ಬಂದುಬಿಟ್ಟಳು. ಅವಳನ್ನು ಕೂರಿಸಿ, ಮಷಿನ್ ಚಾಲೂ ಮಾಡಿ, ಪೈಪಿನ ಬಾಯಿಗೆ ಅವಳ ಅಂಗೈ ಹಿಡಿಸಿದೆ. "ಫ್ಯಾನಿನ ಗಾಳಿ ಇದ್ದಂಗ ಐತಲ್ಲವಾ" ಅಂದಳು. ಹೌದು, ಅಷ್ಟೇ. ಕೋಣೆಯ ಗಾಳಿಯನ್ನೇ ಎಳೆದುಕೊಂಡು ಸ್ವಲ್ಪ ಒತ್ತಡದಿಂದ ಮೂಗಿಗೆ ಕಳಿಸುತ್ತದೆ. ನನ್ನಂಥವರಿಗೆ ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ, ಆ ಒತ್ತಡ ದಾರಿಯನ್ನು ತೆರೆದು ಇಡುತ್ತದೆ.

ಈ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ನನಗೆ ಇದು ಇದೆ ಅಂತ ಗೊತ್ತಾಗಲು ವರ್ಷಗಳೇ ಬೇಕಾದವು. ಬೆಳಿಗ್ಗೆ ಎದ್ದರೆ ತಲೆ ಭಾರ. ರಾತ್ರಿ ಮೂತ್ರಕ್ಕೆ ಮತ್ತೆ ಮತ್ತೆ ಏಳುವುದು. ಮಧ್ಯಾಹ್ನ ಊಟದ ನಂತರದ ಪೀರಿಯಡ್‌ನಲ್ಲಿ ಬೋರ್ಡಿನ ಮುಂದೆ ನಿಂತಲ್ಲೇ ಕಣ್ಣು ಎಳೆಯುವುದು. ಬಿಪಿ ಗುಳಿಗೆ ಎರಡಾದರೂ ಬಿಪಿ ಇಳಿಯುತ್ತಿರಲಿಲ್ಲ. ಥೈರಾಯ್ಡ್ ನೋಡಿದರು, ಸರಿ ಇತ್ತು. ರಕ್ತ ನೋಡಿದರು, ಸರಿ ಇತ್ತು. ಕೊನೆಗೆ ಎಲ್ಲರೂ ಹೇಳಿದ್ದು ಒಂದೇ, ಮುಟ್ಟು ನಿಲ್ಲುವ ವಯಸ್ಸು, ಹಂಗ ಇರ್ತೈತಿ. ಆದರೆ ಮುಟ್ಟು ನಿಂತ ಮೇಲೇ ಹೆಣ್ಣುಮಕ್ಕಳಲ್ಲಿ ಸ್ಲೀಪ್ ಆಪ್ನಿಯಾ ಜಾಸ್ತಿಯಾಗುತ್ತದೆ ಅನ್ನುವುದನ್ನು ಅವರ್ಯಾರೂ ಹೇಳಲಿಲ್ಲ. ಗೊರಕೆ ಬಗ್ಗೆ ಕೇಳಲೂ ಇಲ್ಲ. ಗಂಡಸರಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು ಅಲ್ವಾ? ನಮ್ಮ ಕಡೆ ಹೆಂಗಸು ಗೊರಕೆ ಹೊಡೆಯುತ್ತಾಳೆ ಅಂದರೆ ಮನೆಯವರೂ ಹೊರಗೆ ಬಾಯಿ ಬಿಡುವುದಿಲ್ಲ. ನಮ್ಮ ಯಜಮಾನರು ಅಷ್ಟು ವರ್ಷ ಪಕ್ಕದಲ್ಲಿ ಮಲಗಿದವರು, ನನಗೆ ಬೇಜಾರಾಗುತ್ತದೆ ಅಂತ ಒಂದು ದಿನವೂ ಅಂದವರಲ್ಲ.

ಹೇಳಿದವರು ನಮ್ಮ ಅತ್ತಿ. ಪಡಸಾಲೆಯಲ್ಲಿ ಮಲಗುತ್ತಾರೆ, ನಿದ್ದೆ ತೆಳುವು. ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ, "ನೀ ಗೊರಕಿ ಹೊಡಿಯೂ ಮುಂದ ನನಗೇನ ಆಗಂಗಿಲ್ಲವಾ. ಅದು ನಿಂತಬಿಡ್ತೈತಲ್ಲ, ಆವಾಗ ಜೀವ ಝಲ್ ಅಂತೈತಿ. ಮತ್ತ ಉಸರ ಬರೂ ತನಕ ನಾ ಹಂಗ ಕುಂತಿರ್ತೀನಿ" ಅಂದರು. ನನಗೆ ಮೈ ತಣ್ಣಗಾಯಿತು. ಈ ಮಾತನ್ನು ಹಾಗೇ ಹುಬ್ಬಳ್ಳಿಯ ಡಾಕ್ಟರ ಮುಂದೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು, ನಿಮ್ಮ ಅತ್ತೆ ನಿಮ್ಮ ಕಾಯಿಲೆ ಹಿಡಿದುಬಿಟ್ಟಿದ್ದಾರೆ ಅಂದರು.

ಸ್ಲೀಪ್ ಸ್ಟಡಿ, ಅಂದರೆ ಲ್ಯಾಬಿನಲ್ಲಿ ಮಲಗಿಸಿ ನಿದ್ದೆ, ಉಸಿರು ಅಳೆಯುವ ಪರೀಕ್ಷೆ. ಆ ರಾತ್ರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಲೆಗೆ ಎಣ್ಣೆ ಹಚ್ಚದೆ ಎರೆದುಕೊಂಡು ಬನ್ನಿ ಅಂದಿದ್ದರು. ತಲೆಗೆ, ಗದ್ದಕ್ಕೆ, ಕಾಲಿಗೆ ವೈರು, ಎದೆಗೂ ಹೊಟ್ಟೆಗೂ ಒಂದೊಂದು ಬೆಲ್ಟು, ಬೆರಳಿಗೆ ಕ್ಲಿಪ್ಪು. ಅರ್ಧ ರಾತ್ರಿ ಸುಮ್ನೆ ಮಲಗಿಸಿ ಅಳೆದರು, ಉಳಿದ ಅರ್ಧ ರಾತ್ರಿ ಮೂಗು ಬಾಯಿ ಎರಡೂ ಮುಚ್ಚುವ ದೊಡ್ಡ ಮಾಸ್ಕ್ ಹಾಕಿ ಎಷ್ಟು ಒತ್ತಡ ಬೇಕು ಅಂತ ನೋಡಿದರು. ರಿಪೋರ್ಟಿನಲ್ಲಿ ಎಎಚ್ಐ 38 ಬಂತು. ಅಂದರೆ ನಿದ್ದೆಯ ಒಂದು ಗಂಟೆಯಲ್ಲಿ ಸರಾಸರಿ 38 ಸಲ ಉಸಿರು ನಿಂತಿದೆ ಇಲ್ಲವೇ ತೀರಾ ಕಡಿಮೆಯಾಗಿದೆ. ಪ್ರತಿ ಸಲವೂ ಕನಿಷ್ಠ 10 ಸೆಕೆಂಡ್. 5ರ ಒಳಗಿದ್ದರೆ ಸರಿ, 30 ದಾಟಿದರೆ ತೀವ್ರ. ನನಗೆ ಎಚ್ಚರವಾದ ನೆನಪು ಒಂದೂ ಇಲ್ಲ, ಮೆದುಳು ಮಾತ್ರ ಮತ್ತೆ ಮತ್ತೆ ದಡಕ್ಕನೆ ಎದ್ದು ಉಸಿರು ಎಳೆಸಿದೆ. ಬೆಳಗಿನ ಸುಸ್ತು ಎಲ್ಲಿಂದ ಬರುತ್ತಿತ್ತು ಅಂತ ಆವತ್ತು ತಿಳಿಯಿತು.

ಮಷಿನ್ ಮನೆಗೆ ಬಂತು. ಮೊದಲು ಬಾಡಿಗೆಗೆ ತಗೊಂಡೆವು, ಇದು ಒಳ್ಳೆಯದಾಯಿತು. ಕೊಂಡುಕೊಳ್ಳುವುದಾದರೆ ಆಗ 40 ಸಾವಿರದ ಆಚೀಚೆ ಇತ್ತು, ಮಾಸ್ಕಿನ ದುಡ್ಡು ಬೇರೆ. ಅಂಗಡಿಯವರು "ಲೇಡೀಸಿಗೆ ಇದ ಆರಾಮ ಮೇಡಂ" ಅಂತ ಮೂಗು ಮಾತ್ರ ಮುಚ್ಚುವ ಸಣ್ಣ ಮಾಸ್ಕ್ ಕೊಟ್ಟರು.

ಮೊದಲ ರಾತ್ರಿಗಳು ಕಷ್ಟದವೇ. ಗಾಳಿ ಒಳಗೆ ಬರುವುದು ತೊಂದರೆಯಲ್ಲ, ಉಸಿರು ಹೊರಗೆ ಬಿಡುವಾಗ ಬೈಕಿನ ಮೇಲೆ ಎದುರುಗಾಳಿಗೆ ಬಾಯಿ ತೆರೆದ ಹಾಗೆ ಆಗುತ್ತದೆ. ಎದೆ ಬಡಿದುಕೊಳ್ಳುತ್ತದೆ, ಕಿತ್ತು ಬಿಸಾಕೋಣ ಅನಿಸುತ್ತದೆ. ಅದಕ್ಕೆ ಎರಡು ಉಪಾಯ ಕೆಲಸ ಮಾಡಿದವು. ಒಂದು, ರ‍್ಯಾಂಪ್ ಅಂತ ಇರುತ್ತದೆ, ಮಷಿನ್ ಕಡಿಮೆ ಒತ್ತಡದಿಂದ ಶುರು ಮಾಡಿ ನಿದ್ದೆ ಹತ್ತುವ ಹೊತ್ತಿಗೆ ನಿಧಾನ ಏರಿಸುತ್ತದೆ. ಇನ್ನೊಂದು ಡಾಕ್ಟರು ಹೇಳಿಕೊಟ್ಟದ್ದು, ಎಚ್ಚರ ಇದ್ದಾಗಲೇ ಹಾಕಿಕೊಂಡು ಕೂರಿ ಅಂತ. ಸಂಜೆ ಮಾಸ್ಕ್ ಹಾಕಿಕೊಂಡು ಏಳನೇ ತರಗತಿಯ ನೋಟ್‌ಬುಕ್ ತಿದ್ದುತ್ತಾ ಕೂತೆ. ಗಮನ ಮಕ್ಕಳ ಕಾಗುಣಿತದ ಮೇಲೆ ಹೋದ ಕೂಡಲೇ ಉಸಿರಾಟ ತಾನೇ ಸರಿಹೋಯಿತು. ಹೊಸಬರಿಗೆ ಇದನ್ನು ನಾನು ಕೈ ಮುಗಿದು ಹೇಳುತ್ತೇನೆ. ರಾತ್ರಿ ಹನ್ನೊಂದಕ್ಕೆ ಕತ್ತಲೆಯಲ್ಲಿ ಮೊದಲ ಸಲ ಹಾಕಿಕೊಳ್ಳಬೇಡಿ.

ಅದೆಲ್ಲ ದಾಟಿದ ಮೇಲೆ ಎಡಗಣ್ಣು ಶುರುವಾಯಿತು. ಬೆಳಿಗ್ಗೆ ಎದ್ದರೆ ಎಡಗಣ್ಣು ಮಾತ್ರ ಕೆಂಡದ ಹಾಗೆ ಕೆಂಪು, ಒಳಗೆ ಉಸುಕು ಬಿದ್ದ ಹಾಗೆ ಕಿರಿಕಿರಿ. ಬಲಗಣ್ಣು ಆರಾಮ. ಶಾಲೆಯಲ್ಲಿ ಹೆಡ್ ಮಾಸ್ತರು ದೂರ ನಿಂತುಕೊಂಡೇ "ಮದ್ರಾಸ್ ಐ ಇರಬೇಕ್ರಿ, ಹುಡುಗರಿಗೆ ಹರಡತೈತಿ, ರಜಾ ಹಾಕ್ರಿ" ಅಂದರು. ಡ್ರಾಪ್ಸ್ ಹಾಕಿದೆ, ಮಧ್ಯಾಹ್ನಕ್ಕೆ ಕಡಿಮೆ, ಮಾರನೇ ಬೆಳಿಗ್ಗೆ ಮತ್ತೆ ಅದೇ. ಮಷಿನ್ನಿನ ಪರದೆಯಲ್ಲಿ ಬೇರೆ ಮಾಸ್ಕ್ ಲೀಕ್ ಅಂತ ತೋರಿಸುತ್ತಿತ್ತು. ಅಂಗಡಿಗೆ ಫೋನ್ ಮಾಡಿದರೆ ಮಾಸ್ಕಿನ ಬೆಲ್ಟ್ ಇನ್ನಷ್ಟು ಟೈಟ್ ಮಾಡ್ರಿ ಅಂದರು. ಮಾಡಿದೆ. ಲೀಕ್ ಜಾಸ್ತಿಯಾಯಿತು, ಮೂಗಿನ ಮೇಲೆ ಚರ್ಮ ಕಿತ್ತು ಬಂತು. ಮಾಸ್ಕಿನ ಅಂಚಿನ ಸಿಲಿಕೋನ್ ಮೆತ್ತಗೆ ಉಬ್ಬಿ ಮುಖಕ್ಕೆ ಕೂರಬೇಕು. ಬಿಗಿ ಮಾಡಿದಷ್ಟೂ ಅದು ಮಡಚಿಕೊಂಡು ಸಂದು ಬಿಡುತ್ತದೆ. ಇದು ನನಗೆ ಆಮೇಲೆ ಗೊತ್ತಾದದ್ದು, ಆದರೆ ಮಾರುವವರಿಗೆ ಮೊದಲೇ ಗೊತ್ತಿರಬೇಕಿತ್ತು.

ಒಂದು ರಾತ್ರಿ ನಿದ್ದೆ ಬರಲಿಲ್ಲ. ಮಷಿನ್ ಪೂರ್ತಿ ಒತ್ತಡಕ್ಕೆ ಏರಿತ್ತು. ಅಂಗಾತ ಮಲಗಿಕೊಂಡೇ ತೋರುಬೆರಳನ್ನು ಲೋಟದ ನೀರಲ್ಲಿ ಅದ್ದಿ ಮಾಸ್ಕಿನ ಅಂಚಿನ ಗುಂಟ ನಿಧಾನ ಸರಿಸುತ್ತಾ ಬಂದೆ. ಮೇಲ್ದುಟಿಯ ಹತ್ತಿರ ಏನಿಲ್ಲ. ಬಲಗಡೆ ಏನಿಲ್ಲ. ಮೂಗಿನ ದಿಂಡಿನ ಮೇಲೆ ಏನಿಲ್ಲ. ಎಡಗಡೆ ಇಳಿಯುತ್ತಿದ್ದ ಹಾಗೆ ಬೆರಳಿಗೆ ತಣ್ಣಗೆ ಸೂಜಿ ಗಾಳಿ ತಗುಲಿತು. ಅಲ್ಲೇ ಒತ್ತಿ ನೋಡಿದೆ. ಸಿಲಿಕೋನಿನ ಕೆಳಗೆ ಗಟ್ಟಿಯಾಗಿ ಸಿಕ್ಕಿದ್ದು ನನ್ನ ಮೂಗುಬೊಟ್ಟು. ಏಳು ಹರಳಿನದು, ಅಗಲ. ಮಾಸ್ಕಿನ ಅಂಚು ಸರಿಯಾಗಿ ಅದರ ಮೇಲೆ ಹತ್ತಿ ಕೂತಿತ್ತು. ಅದರ ಪಕ್ಕದ ಸಂದಿಯಿಂದ ಗಾಳಿ ರಾತ್ರಿಯಿಡೀ ನೇರ ಎಡಗಣ್ಣಿಗೆ ಹೊಡೆಯುತ್ತಿತ್ತು. ಲ್ಯಾಬಿನಲ್ಲಿ ಹಾಕಿದ್ದ ದೊಡ್ಡ ಮಾಸ್ಕಿನೊಳಗೆ ಮೂಗುಬೊಟ್ಟು ಪೂರ್ತಿ ಅಡಗಿತ್ತು, ಅದಕ್ಕೇ ಆವತ್ತು ಏನೂ ಆಗಿರಲಿಲ್ಲ. ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂರಿಸಿ, ಗಾಳಿ ಬಿಡದೆ ಮಾಸ್ಕ್ ಹಿಡಿದು ನೋಡಿದರು. ಮಲಗಿದಾಗ ಮುಖದ ಆಕಾರವೇ ಬೇರೆ, ಗಾಳಿ ತುಂಬಿದಾಗ ಮಾಸ್ಕಿನ ಕೂರುವಿಕೆಯೇ ಬೇರೆ. ಮೂಗುಬೊಟ್ಟು ಇದೆ, ಅದು ಅಡ್ಡ ಬರುತ್ತದಾ ಅಂತ ಒಬ್ಬರೂ ಕೇಳಲಿಲ್ಲ.

ಬೆಳಿಗ್ಗೆ ಅತ್ತಿಯವರಿಗೆ ಹೇಳಿದೆ, ರಾತ್ರಿ ಮೂಗುಬೊಟ್ಟು ತೆಗೆದಿಡಬೇಕಾಗುತ್ತದೆ ಅಂತ. ಅವರಿಗೆ ಮನಸ್ಸಿಲ್ಲ. "ಮದುವ್ಯಾಗ ಏರಿಸಿದ್ದು, ಬರೀ ಮೂಗಲೆ ಮಲಗಬಾರದವಾ" ಅಂದರು. ನಾನು ವಾದ ಮಾಡಲಿಲ್ಲ. ಸಂಜೆ ನಾನು ಶಾಲೆಯಿಂದ ಬರುವ ಹೊತ್ತಿಗೆ ಸೀರೆ ಉಟ್ಟು ತಯಾರಾಗಿ ಕೂತಿದ್ದರು. "ಪತ್ತಾರ ಕಡೆ ಹೋಗೂಣ ನಡಿ. ಸಣ್ಣದೊಂದು ಮಾಡಿಸೂಣ."

ಪತ್ತಾರರ ಮುಂದೆ ಕೂತಾಗ ತಿರುಪು ಅಲುಗಲೇ ಇಲ್ಲ. ಮದುವೆಯಾದಾಗಿನಿಂದ ತೆಗೆದದ್ದೇ ಇಲ್ಲ ಅದನ್ನು. ಅವರು ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಅದು ಇಳಿಯುವವರೆಗೆ ಬೇರೆ ಗಿರಾಕಿಯ ಕಾಲುಂಗುರ ನೋಡಿದರು. ಆಮೇಲೆ ಸಣ್ಣ ಚಿಮಟದಿಂದ ತಿರುಪು ಹಿಡಿದು ಕೂದಲೆಳೆಯಷ್ಟು ತಿರುಗಿಸಿದರು, ಬಿಟ್ಟರು, ಮತ್ತೆ ತಿರುಗಿಸಿದರು. ಕಣ್ಣಲ್ಲಿ ನೀರು ಬಂತು, ನೋವಿಗಲ್ಲ, ಮೂಗು ಹಿಡಿದರೆ ಬರುವ ನೀರು. ಹೊರಗೆ ಬಂದ ಮೂಗುಬೊಟ್ಟಿನ ಹಿಂದೆ ಇಷ್ಟು ವರ್ಷದ ಕೊಳೆ ಕಪ್ಪಗೆ ಕೂತಿತ್ತು. ಅಂಟವಾಳದ ನೀರಲ್ಲಿ ಹಾಕಿ ಬ್ರಶ್ಶಿನಿಂದ ತಿಕ್ಕಿದಾಗ ಏಳೂ ಹರಳು ಬೆಳಕು ಹಿಡಿದವು. ಅದನ್ನು ಅತ್ತಿಯೇ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು. ನನಗೆ ಒಂಟಿ ಹರಳಿನ, ಚಪ್ಪಟೆ, ಸಣ್ಣ ಬೊಟ್ಟು. ಮಾಸ್ಕಿನ ಅಂಚು ಅದರಿಂದ ದೂರವೇ ಕೂರುತ್ತದೆ. ಬೆಲ್ಟ್ ಸಡಿಲ ಮಾಡಿದೆ. ವಾರದೊಳಗೆ ಕಣ್ಣು ತಿಳಿಯಾಯಿತು, ಪರದೆಯಲ್ಲಿ ಲೀಕ್ ಅನ್ನುವುದೂ ಹೋಯಿತು.

ಈ ಮಷಿನ್ ಹುಟ್ಟಿದ ಕಥೆ ಓದಿದಾಗ ನನಗೆ ಸಮಾಧಾನವಾಯಿತು. ಆಸ್ಟ್ರೇಲಿಯಾದ ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ಮತ್ತು ಜೊತೆಯವರು 1981ರಲ್ಲಿ ಇದರ ಬಗ್ಗೆ ಮೊದಲು ಬರೆದದ್ದು. ಶುರುವಿನಲ್ಲಿ ಪ್ರತಿ ರೋಗಿಯ ಮೂಗಿನ ಅಚ್ಚು ತೆಗೆದು ಅವರವರಿಗೇ ಬೇರೆ ಮಾಸ್ಕ್ ಮಾಡುತ್ತಿದ್ದರಂತೆ, ಗಾಳಿ ಸೋರದಿರಲಿ ಅಂತ ಪ್ರತಿ ರಾತ್ರಿ ಅದನ್ನು ಮುಖಕ್ಕೆ ಅಂಟಿಸುತ್ತಿದ್ದರಂತೆ. ಅಂದರೆ ಮೊದಲ ದಿನದಿಂದಲೂ ತಲೆನೋವು ಗಾಳಿಯದ್ದಲ್ಲ, ಮಾಸ್ಕಿನದ್ದು. ಎಷ್ಟೋ ಜನ ಮಷಿನ್ ಆಗಿಬರಲಿಲ್ಲ ಅಂತ ಅಟ್ಟದ ಮೇಲೆ ಇಟ್ಟುಬಿಡುತ್ತಾರೆ. ಆಗಿಬರದೇ ಇರುವುದು ಬಹಳ ಸಲ ಮಾಸ್ಕು. ಅದನ್ನು ಬದಲಿಸಿಕೊಡಿ ಅಂತ ಹಟ ಹಿಡಿದು ಕೇಳಬೇಕು, ಬಾಡಿಗೆಯ ಅವಧಿಯಲ್ಲೇ ಕೇಳಬೇಕು.

ಹೆಣ್ಣುಮಕ್ಕಳಿಗೆ ಇನ್ನೂ ಕೆಲವು ಅಡಚಣೆಗಳಿವೆ, ಯಾವ ಪುಸ್ತಿಕೆಯಲ್ಲೂ ನನಗೆ ಕಾಣಲಿಲ್ಲ. ತಲೆಗೆ ಎಣ್ಣೆ ಹಚ್ಚಿದ ದಿನ ಬೆಲ್ಟ್ ಜಾರುತ್ತದೆ, ಎಣ್ಣೆ ಮುಖಕ್ಕಿಳಿದರೆ ಸಿಲಿಕೋನ್ ಹಾಳಾಗುತ್ತದೆ. ನಾನು ಎಣ್ಣೆಯನ್ನು ಭಾನುವಾರ ಬೆಳಿಗ್ಗೆ ಹಚ್ಚಿ ಮಧ್ಯಾಹ್ನ ಎರೆದುಕೊಳ್ಳುತ್ತೇನೆ. ಮಲಗುವ ಮುಂಚೆ ಮುಖ ಸೋಪಿನಿಂದ ತೊಳೆಯಬೇಕು, ಕ್ರೀಮ್ ಬೇಡ. ಹೆರಳು ಬಿಗಿಯಾಗಿ ಹಿಂದೆ ಇದ್ದರೆ ದಿಂಬಿಗೆ ಒತ್ತಿ ಮಾಸ್ಕ್ ಸರಿಯುತ್ತದೆ, ಸಡಿಲಾಗಿ ಪಕ್ಕಕ್ಕೆ ಹಾಕಿಕೊಂಡರೆ ಆರಾಮ. ಪೈಪು ತಾಳಿ ಸರಕ್ಕೆ ಸಿಕ್ಕಿ ಎಳೆಯುತ್ತಿತ್ತು. ತಲೆಯ ಮೇಲಿನ ಕ್ಯಾಲೆಂಡರಿನ ಮೊಳೆಗೆ ಹಳೇ ಸೀರೆಯ ಅಂಚಿನಿಂದ ಪೈಪನ್ನು ಕಟ್ಟಿ ಮೇಲಿನಿಂದ ಇಳಿಬಿಟ್ಟ ಮೇಲೆ ಹೊರಳುವುದು ಸುಲಭವಾಯಿತು.

ನೀರಿನ ವಿಷಯ ಗದಗಿನವರಿಗೆ ಮುಖ್ಯ. ಗಾಳಿಗೆ ತೇವ ಕೊಡಲು ಮಷಿನ್ನಿನಲ್ಲಿ ಸಣ್ಣ ನೀರಿನ ಡಬ್ಬಿ ಇರುತ್ತದೆ, ಇಲ್ಲದಿದ್ದರೆ ಮೂಗು ಗಂಟಲು ಒಣಗುತ್ತದೆ. ನಳದ ನೀರು ನಮಗೆ ಯಾವಾಗ ಬರುತ್ತದೋ ಆ ದೇವರಿಗೇ ಗೊತ್ತು, ಬೋರಿನ ನೀರು ಹಾಕಿದರೆ ಡಬ್ಬಿಯ ತಳದಲ್ಲಿ ಬಿಳಿ ಹೊಪ್ಪಳಿಕೆ ಕಟ್ಟುತ್ತದೆ. ಕುದಿಸಿದರೂ ಆ ಉಪ್ಪು ಪೂರ್ತಿ ಹೋಗುವುದಿಲ್ಲ. ಮೆಡಿಕಲ್ ಅಂಗಡಿಯ ಡಿಸ್ಟಿಲ್ಡ್ ವಾಟರೇ ಬೇಕು, ಉಳಿದ ನೀರನ್ನು ಬೆಳಿಗ್ಗೆ ಚೆಲ್ಲಬೇಕು. ನಮ್ಮೂರ ಗಾಳಿಗೆ ಫಿಲ್ಟರ್ ಬೇಗ ಕಪ್ಪಾಗುತ್ತದೆ, ಆಗಾಗ ತೆಗೆದು ನೋಡುತ್ತಿರಿ. ಮೇ ತಿಂಗಳ ಗಾಳಿ ಮಳೆಗೆ ರಾತ್ರಿ ಕರೆಂಟ್ ಹೋಗುವುದು ಇದ್ದದ್ದೇ. ನೀರು ಕಾಯಿಸುವುದನ್ನು ಬಂದ್ ಮಾಡಿದರೆ ಮಷಿನ್ ಕಡಿಮೆ ಕರೆಂಟ್ ತಿನ್ನುತ್ತದೆ, ಇನ್ವರ್ಟರಿನ ಮೇಲೆ ಜಾಸ್ತಿ ಹೊತ್ತು ನಡೆಯುತ್ತದೆ.

ಡಾಕ್ಟರು ಮೊನ್ನೆ ಮಷಿನ್ನಿನ ಮೆಮೊರಿ ಕಾರ್ಡ್ ಹಾಕಿ ನೋಡಿದರು. ಎಎಚ್ಐ ಈಗ 4ರ ಆಸುಪಾಸು. ಬಿಪಿ ಗುಳಿಗೆ ಇನ್ನೂ ಎರಡೇ, ಕಡಿಮೆ ಮಾಡುವುದನ್ನು ನಿಧಾನ ನೋಡೋಣ ಅಂದಿದ್ದಾರೆ. ಬೆಳಗಿನ ತಲೆಭಾರ ಹೋಗಿದೆ. ಊಟದ ನಂತರದ ಪೀರಿಯಡ್ ನಾನೇ ಕೇಳಿ ಇಟ್ಟುಕೊಂಡಿದ್ದೇನೆ. ಅತ್ತಿ ಈಗ ರಾತ್ರಿ ಎದ್ದು ಕೂರುವುದಿಲ್ಲ, ಮಷಿನ್ನಿನ ಸಪ್ಪಳ ಕೇಳಿದರೆ ಸಾಕು ಅನ್ನುತ್ತಾರೆ.

ಮಾಸ್ಕ್ ಕೊಟ್ಟ ಅಂಗಡಿಗೂ ಹೋಗಿ ಎಲ್ಲ ಹೇಳಿ ಬಂದೆ. ಹೆಂಗಸರು ಬಂದರೆ ಮಲಗಿಸಿ, ಗಾಳಿ ಬಿಟ್ಟು, ಮೂಗುಬೊಟ್ಟು ನೋಡಿ ಮಾಸ್ಕ್ ಕೊಡಿ ಅಂದೆ. ಹುಡುಗ ಬರೆದುಕೊಂಡ. ಬರುವ ತಿಂಗಳು ಪುಣೆಯಲ್ಲಿ ಮಗಳ ಮನೆಗೆ ಹೋಗುವುದಿದೆ. ಮಷಿನ್ ಜೊತೆಗೇ ಬರುತ್ತದೆ, ಉದ್ದ ವೈರಿನ ಎಕ್ಸ್‌ಟೆನ್ಷನ್ ಬೋರ್ಡೂ ತಗೊಂಡಿದ್ದೇನೆ. ರಾತ್ರಿ ಪ್ರಯಾಣ ಬೇಡ, ಹಗಲಿಗೇ ಟಿಕೆಟ್ ಮಾಡಿಸಿ ಅಂತ ಯಜಮಾನರಿಗೆ ಹೇಳಿದ್ದೇನೆ.