ಹೊಲದಿಂದ ಸ್ಟುಡಿಯೊವರೆಗೆ: ಕೃಷಿ ರೇಡಿಯೊ ಮಾಡುವವರಿಗೆ ಬೇಕಾದ ನೆರವು

ಹಳ್ಳಿಯ ರೇಡಿಯೊಗೆ ಸಹಾಯ ಮಾಡಬೇಕು ಅಂದಕೂಡಲೇ ಹೊಸ ಮಿಕ್ಸರ್, ಎತ್ತರದ ಟವರ್ ನೆನಪಾಗುತ್ತವೆ. ಆದರೆ ಕೃಷಿ ಕಾರ್ಯಕ್ರಮ ಸೊರಗುವುದು ಅದಕ್ಕಿಂತ ಮೊದಲೇ. ಹೊಲಕ್ಕೆ ಹೋಗಿಬರುವ ಖರ್ಚು, ಒಂದು ರೆಕಾರ್ಡರ್, ಅನುಮಾನ ಬಂದಾಗ ಫೋನ್ ಎತ್ತುವ ಒಬ್ಬ ಕೃಷಿ ತಜ್ಞ ಇಷ್ಟೂ ಇಲ್ಲದಿದ್ದರೆ ನಿರೂಪಕರಿಗೆ ಕರಪತ್ರ ಓದುವುದೇ ಗತಿ. ಕೆನಡಾದ ಕೃಷಿ ಪ್ರಸಾರಕ ಜಾರ್ಜ್ ಅಟ್ಕಿನ್ಸ್ 1975ರಲ್ಲಿ ಜಾಂಬಿಯಾದಲ್ಲಿ ಕಂಡದ್ದೂ ಇದನ್ನೇ: ಎತ್ತು ಕಟ್ಟಿ ಉಳುವವರಿಗೆ ಟ್ರ್ಯಾಕ್ಟರಿನ ಸ್ಪಾರ್ಕ್ ಪ್ಲಗ್ ಬಗ್ಗೆ ಕಾರ್ಯಕ್ರಮ. ಸಣ್ಣ ರೈತರಿಗೆ ಹೊಂದುವ ಸ್ಕ್ರಿಪ್ಟ್‌ಗಳನ್ನು ಅವರು 1979ರಲ್ಲಿ ಪ್ರಸಾರಕರಿಗೆ ಕಳಿಸತೊಡಗಿದರು. ಕೃಷಿ ಪ್ರಸಾರಕರಿಗೆ ನೆರವಾಗುವ ಇಂದಿನ ಫಾರ್ಮ್ ರೇಡಿಯೊ ಇಂಟರ್‌ನ್ಯಾಷನಲ್ ಸಂಸ್ಥೆ ಹುಟ್ಟಿದ್ದು ಹಾಗೆ.

ರೆಕಾರ್ಡರ್ ಕೊಡುವುದಾದರೆ ಜೊತೆಗೆ ಹೆಡ್‌ಫೋನ್ ಮತ್ತು ಮೈಕಿಗೆ ಸ್ಪಂಜಿನ ಟೋಪಿ ಕೊಡಿ. ಹೆಡ್‌ಫೋನ್ ಇಲ್ಲದೆ ಗಾಳಿಯ ಭೋರ್ಗರೆತ, ಕೈ ಉಜ್ಜಿದ ಸದ್ದು ಸ್ಟುಡಿಯೊಗೆ ಬಂದ ಮೇಲಷ್ಟೇ ಗೊತ್ತಾಗುತ್ತದೆ; ಆಗ ಮತ್ತೆ ಹೊಲಕ್ಕೆ ಹೋಗಲು ಯಾರಿಗೂ ಆಗದು. ಗಾಳಿಗೆ ಬೆನ್ನು ಮಾಡಿ ನಿಂತು, ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಹಿಡಿಯಬೇಕು. ಲೆವೆಲ್, ಅಂದರೆ ರೆಕಾರ್ಡರ್ ತೋರಿಸುವ ದನಿಯ ಮಟ್ಟ, ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಆಮೇಲೆ ಸರಿಮಾಡುವುದು ತೀರಾ ಕಷ್ಟ. ರೆಕಾರ್ಡರಿನ ಗುಣಮಟ್ಟವನ್ನು 44.1 ಕಿಲೋಹರ್ಟ್ಸ್, 16 ಬಿಟ್, ಮೋನೊ (ಒಂದೇ ಚಾನೆಲ್) ಎಂದು ಇಟ್ಟರೆ ನಿಮಿಷಕ್ಕೆ ಸುಮಾರು 5 ಎಂಬಿ ಜಾಗ ಸಾಕು. ಫೋನಿನಲ್ಲೇ ರೆಕಾರ್ಡ್ ಮಾಡುವಾಗ ಏರೋಪ್ಲೇನ್ ಮೋಡ್ ಹಾಕಿ, ಇಲ್ಲವಾದರೆ ರೈತ ಮನಬಿಚ್ಚಿ ಮಾತಾಡುತ್ತಿರುವಾಗಲೇ ಕರೆ ಬರುತ್ತದೆ.

"ಗೊಬ್ಬರ ಹಾಕಿದ್ರಾ?" ಅಂತ ಕೇಳಿದರೆ "ಹೂಂ" ಅಷ್ಟೇ ಸಿಗುತ್ತದೆ. "ಯಾವಾಗ, ಹೇಗೆ ಹಾಕಿದ್ರಿ, ಹೇಳಿ" ಅಂದರೆ ಕಾರ್ಯಕ್ರಮ ಸಿಗುತ್ತದೆ.

ಕಣ್ಣಿಗೆ ಕಾಣುವುದನ್ನು ಕಿವಿಗೆ ಮುಟ್ಟಿಸುವುದೇ ಈ ಕೆಲಸದ ಕಷ್ಟದ ಭಾಗ. ಮೆಕ್ಕೆಜೋಳದ ಫಾಲ್ ಸೈನಿಕ ಹುಳುವನ್ನೇ ನೋಡಿ. "ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ (Y) ಅಕ್ಷರ" ಎಂದು ಕೈಪಿಡಿಗಳು ಹೇಳುತ್ತವೆ. ಆ ಅಕ್ಷರ ಗೊತ್ತಿಲ್ಲದವರಿಗೆ ಏನು ಉಪಯೋಗ? "ತಲೆಯ ನಡುವೆ ಒಂದು ಬಿಳಿ ಗೆರೆ ಇಳಿದು ಬಾಯಿಯ ಕಡೆಗೆ ಎರಡು ಕವಲಾಗಿದೆ, ಬಾಲದ ಹತ್ತಿರ ಚೌಕದ ನಾಲ್ಕು ಮೂಲೆಯಂತೆ ನಾಲ್ಕು ಕಪ್ಪು ಚುಕ್ಕೆ" ಅಂದರೆ ಹುಳು ಕೈಯಲ್ಲಿ ಹಿಡಿದವರು ತಾವೇ ಗುರುತಿಸುತ್ತಾರೆ. ಇಂಥ ನಾಲ್ಕು ಸಾಲು ಬರೆದುಕೊಡುವ ತಜ್ಞರು ದೊಡ್ಡ ಉಪಕಾರ ಮಾಡಿದಂತೆ.

ಅಳತೆಯ ವಿಷಯದಲ್ಲಿ ತಪ್ಪಾದರೆ ಬೆಳೆಯೇ ಸುಡಬಹುದು. ಹೆಕ್ಟೇರಿಗೆ ಇಷ್ಟು, ಲೀಟರಿಗೆ ಇಷ್ಟು ಔಷಧ ಅನ್ನುವುದನ್ನು ಬೆನ್ನಿಗೆ ಹಾಕುವ ಸಿಂಪಡಣೆ ಪಂಪಿನ ಲೆಕ್ಕಕ್ಕೆ ಇಳಿಸಿ: ಲೀಟರಿಗೆ 5 ಮಿಲಿ ಬೇವಿನೆಣ್ಣೆ ಅಂದರೆ 15 ಲೀಟರಿನ ಪಂಪಿಗೆ 75 ಮಿಲಿ. ಕೇಳುಗರು ಪುಟ ತಿರುವಿ ನೋಡಲಾರರು, ಹಾಗಾಗಿ ಸಂಖ್ಯೆಯನ್ನು ನಿಧಾನವಾಗಿ ಎರಡು ಸಲ ಹೇಳಬೇಕು, ಕೊನೆಯಲ್ಲಿ ಮತ್ತೊಮ್ಮೆ. ಪ್ರಸಾರಕ್ಕೆ ಮುಂಚೆ ತಜ್ಞರಿಗೆ ಫೋನಿನಲ್ಲಿ ಓದಿ ಹೇಳಿದರೆ ಹತ್ತು ನಿಮಿಷದ ಕೆಲಸ.

ಪ್ರಸಾರದ ಸಮಯವನ್ನು ರೇಡಿಯೊ ಕೇಂದ್ರದವರು ತಾವೇ ನಿರ್ಧರಿಸಬಾರದು, ಕೇಳುಗರನ್ನು ಕೇಳಬೇಕು. ಹೆಂಗಸರನ್ನು ಬೇರೆಯಾಗಿ ಕೇಳಿ. ಅವರಿಗೆ ಬಿಡುವಾಗುವ ಹೊತ್ತೇ ಬೇರೆ, ಎಷ್ಟೋ ಮನೆಗಳಲ್ಲಿ ರೇಡಿಯೊ ಗಂಡಸರ ಕೈಯಲ್ಲಿರುತ್ತದೆ. ಪ್ರತಿ ವಾರ ಅದೇ ದಿನ, ಅದೇ ಹೊತ್ತು, ಜೊತೆಗೆ ಬೇರೆ ವೇಳೆಗೆ ಒಂದು ಮರುಪ್ರಸಾರ. ಪ್ರಶ್ನೆ ಕೇಳಲು ಮಿಸ್ಡ್ ಕಾಲ್ ನಂಬರ್ ಇಟ್ಟರೆ ಕರೆ ಮಾಡುವ ಖರ್ಚು ರೈತರ ಮೇಲೆ ಬೀಳುವುದಿಲ್ಲ, ಆದರೆ ವಾಪಸ್ ಕರೆ ಮಾಡುವ ಒಬ್ಬರ ಸಂಬಳವನ್ನೂ ನೆರವಿನ ಲೆಕ್ಕದಲ್ಲಿ ಸೇರಿಸಿ. ಎರಡು ವಾರ ಉತ್ತರ ಬಾರದಿದ್ದರೆ ಆ ನಂಬರಿಗೆ ಮತ್ತೆ ಯಾರೂ ಕರೆ ಮಾಡುವುದಿಲ್ಲ.